ಮರದ ಸ್ಪಾರ್ ಕಟ್ಟಿದವರು ಯಾರಾದರೂ ಇದ್ದೀರಾ?

ರಾಜಾಜಿನಗರದಿಂದ ಪ್ರಶ್ನೆ:

ಒಂದು ಸೀಟಿನ ಪುಟ್ಟ ವಿಮಾನ ಕಟ್ಟುತ್ತಿದ್ದೇನೆ. ನಕ್ಷೆ ವಿದೇಶದ್ದು. ರೆಕ್ಕೆಯ ಸ್ಪಾರ್, ಅಂದರೆ ರೆಕ್ಕೆಯ ಭಾರ ಹೊರುವ ತೊಲೆ, ಉದ್ದನೆಯ ಪೆಟ್ಟಿಗೆಯ ಹಾಗಿದೆ: ಮೇಲೆ ಕೆಳಗೆ ಸ್ಪ್ರೂಸ್ ಮರದ ಪಟ್ಟಿ, ಎರಡೂ ಪಕ್ಕಕ್ಕೆ ಬರ್ಚ್ ಪ್ಲೈವುಡ್. ಮನೆ ಮೇಲಿನ ಶೀಟ್ ಶೆಡ್ಡೇ ನನ್ನ ವರ್ಕ್‌ಶಾಪ್. ಸ್ಪ್ರೂಸ್ ತರಿಸುವ ಖರ್ಚು ಕೇಳಿ ತಲೆ ತಿರುಗಿತು. ಸಾಗುವಾನಿ ಹಾಕಬಹುದಾ? ಅಂಟಿಸುವಾಗ ಏನು ಎಚ್ಚರ ಬೇಕು?

ವಿದ್ಯಾರಣ್ಯಪುರದಿಂದ:

ಸಾಗುವಾನಿ ಬೇಡ ಸರ್. ಸ್ಪ್ರೂಸ್‌ಗಿಂತ ಜಾಸ್ತಿ ಭಾರ, ಜೊತೆಗೆ ಅದರಲ್ಲಿ ಎಣ್ಣೆ ಇರುತ್ತದೆ, ಎಪಾಕ್ಸಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಬಾಗಿಲಿಗೆ ಹಾಕಿಸಿಕೊಳ್ಳಿ.

ನಾನು ಕೆಟ್ಟಿದ್ದು ಅಂಟಿನಲ್ಲಿ. ಉದ್ದದ ಪಟ್ಟಿ ಸಿಗದೆ ಎರಡನ್ನು ಓರೆ ಕತ್ತರಿಸಿ ಸೇರಿಸಬೇಕಿತ್ತು. ಸ್ಕಾರ್ಫ್ ಜಾಯಿಂಟ್. 1ಕ್ಕೆ 12ರ ಓರೆ, ಅಂದರೆ 20 ಮಿ.ಮೀ. ದಪ್ಪದ ಪಟ್ಟಿಗೆ 240 ಮಿ.ಮೀ. ಉದ್ದದ ಇಳಿಜಾರು. ಎರಡು ದಿನ ತೋಪಡ ಹೊಡೆದು ಮುಖ ನೀಟಾಗಿ ಕೂರಿಸಿದೆ. ಆಮೇಲೆ ಗಟ್ಟಿ ಹಿಡಿಯಲಿ ಅಂತ ಕ್ಲ್ಯಾಂಪ್‌ಗಳನ್ನು ಇದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಿದೆ. ಅಂಟು ಪಕ್ಕದಲ್ಲಿ ಜಿನುಗಿ ಟೇಬಲ್ ಮೇಲೆ ಸುರಿಯಿತು. ಎಷ್ಟು ಚೆನ್ನಾಗಿ ತುಂಬಿಕೊಂಡಿದೆ ಅಂತ ಖುಷಿಪಟ್ಟೆ ನೋಡಿ!

ಅದೃಷ್ಟಕ್ಕೆ ಅದೇ ಮರದ ತುಂಡು, ಅದೇ ಡಬ್ಬಿಯ ಅಂಟು, ಅದೇ ಬಿಗಿಯಲ್ಲಿ ಒಂದು ಸ್ಯಾಂಪಲ್ ಕೂಡ ಮಾಡಿಟ್ಟಿದ್ದೆ. ವಾರ ಬಿಟ್ಟು ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದರೆ ಟಕ್ ಅಂತ ಬಿಟ್ಟುಕೊಂಡಿತು. ಒಡೆದ ಮುಖ ಗಾಜಿನ ಹಾಗೆ ಹೊಳೆಯುತ್ತಿತ್ತು. ಮರದ ಒಂದು ಎಳೆಯೂ ಕಿತ್ತು ಬಂದಿರಲಿಲ್ಲ. ಸರಿಯಾದ ಜೋಡಣೆಯಲ್ಲಿ ಒಡೆಯಬೇಕಾದ್ದು ಮರ, ಅಂಟಲ್ಲ. ಅಸಲಿ ಪಟ್ಟಿಯನ್ನೂ ಗರಗಸಕ್ಕೆ ಕೊಟ್ಟೆ. ಹೆಂಡತಿ ಎರಡು ದಿನ ಆ ಸುದ್ದಿಯನ್ನೇ ಎತ್ತಲಿಲ್ಲ.

ಎಪಾಕ್ಸಿಗೆ ಮೃದುವಾದ ಒತ್ತಡ ಸಾಕು, ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಗೆ ಹೋಗುತ್ತದೆ. ಅಂಟಿಸುವ ಮುಖಕ್ಕೆ ಸ್ಯಾಂಡ್‌ಪೇಪರ್ ಬೇಡ, ಹರಿತವಾದ ತೋಪಡದಲ್ಲೇ ಮುಗಿಸಿ. ಎಪಾಕ್ಸಿ ಎರಡು ಡಬ್ಬಿಯಲ್ಲಿ ಬರುತ್ತದೆ, ಬೆರೆಸುವ ಅಳತೆ 1:1 ಅಂತಿದ್ದರೆ ಅದು ಗಾತ್ರಕ್ಕಾ ತೂಕಕ್ಕಾ ಅಂತ ಓದಿ, ಎರಡೂ ಒಂದೇ ಅಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಶೀಟ್ ಕೆಳಗೆ ಒಂದು ಲೋಟ ತುಂಬ ಕಲಸಿಟ್ಟರೆ ಲೋಟವೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪ ಕಲಸಿ, ಅಗಲ ತಟ್ಟೆಯಲ್ಲಿ. ರೆಸಾರ್ಸಿನಾಲ್ ಅಂಟಿನ ಯೋಚನೆ ಇದ್ದರೆ ಅದಕ್ಕೆ 21 ಡಿಗ್ರಿಯಾದರೂ ಬೇಕು. ಡಿಸೆಂಬರ್ ರಾತ್ರಿ ನಮ್ಮೂರಲ್ಲಿ ಅಷ್ಟಿರುವುದಿಲ್ಲ.

ಮಳೆಗಾಲದ ಮರವನ್ನು ಸುಮ್ನೆ ತಂದು ಅಂಟಿಸಬೇಡಿ. ತೇವ ಅಳೆಯುವ ಮೀಟರ್ ತಗೊಳ್ಳಿ, 8ರಿಂದ 12 ಪರ್ಸೆಂಟ್ ಒಳಗೆ ಬರುವವರೆಗೆ ಕಾಯಿರಿ.

ಪೀಣ್ಯದಿಂದ:

ಮೇಲಿನ ಪಟ್ಟಿ ಕೆಳಗಿನದಕ್ಕಿಂತ ದಪ್ಪ ಇದೆಯಾ ನೋಡಿ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಮೇಲಿನ ಪಟ್ಟಿ ಒತ್ತಿಸಿಕೊಳ್ಳುತ್ತದೆ, ಕೆಳಗಿನದು ಎಳೆಸಿಕೊಳ್ಳುತ್ತದೆ. ಮರ ಎಳೆತ ತಡೆದಷ್ಟು ಒತ್ತಡ ತಡೆಯುವುದಿಲ್ಲ. ಅದಕ್ಕೇ ಈ ವ್ಯತ್ಯಾಸ. ಎಡ ರೆಕ್ಕೆಯದನ್ನು ನಾನು ಉಲ್ಟಾ ಇಟ್ಟು ಇನ್ನೇನು ಅಂಟು ಬಳಿಯಬೇಕು, ಅಷ್ಟರಲ್ಲಿ ಮಗಳು ಕೇಳಿದಳು, “ಅಪ್ಪಾ, ಆ ಕಡೇದು ಹೀಗಿರಲಿಲ್ವಲ್ಲ?” ಈಗ ಪ್ರತಿ ಪಟ್ಟಿಯ ಮೇಲೂ ‘ಆಕಾಶ’, ‘ನೆಲ’ ಅಂತ ಬರೆದಿರುತ್ತೇನೆ.

ನಕ್ಷೆಯಲ್ಲಿ ಪ್ಲೈವುಡ್ ಎಳೆ 45 ಡಿಗ್ರಿ ಅಂತಿದ್ದರೆ ಹಾಗೇ ಕತ್ತರಿಸಿ. ವೇಸ್ಟ್ ಜಾಸ್ತಿ ಆಗುತ್ತದೆ, ನೇರ ಕತ್ತರಿಸೋಣ ಅಂತ ಅಂಗಡಿಯವರು ಹೇಳುತ್ತಾರೆ. ಪ್ಲೈವುಡ್ಡಿಗೆ ಬರುವ ಎಳೆತ ಓರೆಯಾಗಿಯೇ ಹೋಗುವುದು, ಎಳೆಯೂ ಓರೆಯೇ ಇರಬೇಕು.

ಯಲಹಂಕದಿಂದ:

ಪೆಟ್ಟಿಗೆ ಮುಚ್ಚುವ ಮೊದಲು ಒಳಗೆಲ್ಲ ವಾರ್ನಿಷ್ ಬಳಿಯಿರಿ, ಅಂಟು ಬರುವ ಜಾಗ ಬಿಟ್ಟು. ಒಳಗಿನ ಅಡ್ಡಕಟ್ಟೆಗಳಲ್ಲಿ ಗಾಳಿಯಾಡಲು ನಕ್ಷೆ ಹೇಳಿದ ತೂತು ಬಿಟ್ಟಿದ್ದೀರಾ ಅಂತ ನೋಡಿಕೊಳ್ಳಿ. ಬೋಲ್ಟ್ ತೂತಿಗೂ ವಾರ್ನಿಷ್, ಕೊಳೆ ಶುರುವಾಗುವುದು ಅಲ್ಲೇ. ಮುಚ್ಚಿದ ಮೇಲೆ ಯಾರಿಗೂ ಒಳಗಿನದು ಕಾಣುವುದಿಲ್ಲ, ಫೋಟೋ ತೆಗೆದಿಡಿ. ವಿಮಾನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ಜೊತೆ ಮರ ಕತ್ತರಿಸುವ ಮೊದಲೇ ಮಾತಾಡಿ, ಆಮೇಲಲ್ಲ.

ರಾಜಾಜಿನಗರದಿಂದ:

ಎಲ್ಲರಿಗೂ ಥ್ಯಾಂಕ್ಸ್. ಸಾಗುವಾನಿಯವರಿಗೆ ಬೇಡ ಅಂತ ಫೋನ್ ಮಾಡಿದೆ. ವಿದ್ಯಾರಣ್ಯಪುರದವರೇ, ಆ ಒಡೆದ ಸ್ಯಾಂಪಲ್ ಇನ್ನೂ ಇಟ್ಟುಕೊಂಡಿದ್ದೀರಾ? ಭಾನುವಾರ ಬಂದು ಕೈಯಲ್ಲಿ ಹಿಡಿದು ನೋಡಬೇಕು.