ಪೊಂಚೊವನ್ನೇ ರಾತ್ರಿಯ ಗುಡಾರವಾಗಿ ನಂಬಬಹುದೇ? ಪರೀಕ್ಷಿಸುವ ಬಗೆ ಹೇಗೆ?

ಹಾದಿಹೋಕ (ಪ್ರಶ್ನೆ)

ಬೆನ್ನುಚೀಲದ ಸಮೇತ ಹೊದ್ದು ನಡೆಯಬಹುದಾದ, ರಾತ್ರಿ ಅದನ್ನೇ ಬಿಡಿಸಿ ಹಗ್ಗಕ್ಕೆ ಕಟ್ಟಿ ಕೆಳಗೆ ಮಲಗಬಹುದಾದ ಪೊಂಚೊ (ನಡುವಿನ ತೂತಿನಲ್ಲಿ ತಲೆ ತೂರಿಸಿ ಹೊದೆಯುವ ಮಳೆಹೊದಿಕೆ) ಒಂದನ್ನು ಇತ್ತೀಚೆಗೆ ಕೊಂಡಿದ್ದೇನೆ. ಬಿಡಿಸಿದಾಗ ಅದರ ಉದ್ದ 260 ಸೆಂ.ಮೀ., ಅಗಲ 145 ಸೆಂ.ಮೀ. ಇದೆ. ಬಟ್ಟೆ ಎರಡೂ ಬದಿಗೆ ಸಿಲಿಕೋನ್ ಲೇಪಿಸಿದ ನೈಲಾನ್. ನೀರು ತಡೆಯುವ ಸಾಮರ್ಥ್ಯ 2000 ಮಿ.ಮೀ. ಎಂದು ಚೀಟಿಯ ಮೇಲೆ ಬರೆದಿದೆ. ಶವರಿನ ಕೆಳಗೆ ಹಿಡಿದು ನೋಡಿದಾಗ ಒಂದು ಹನಿಯೂ ಒಳಬರಲಿಲ್ಲ. ಆದರೆ ಜಡಿಮಳೆಯಲ್ಲಿ ಏರುದಾರಿಯಲ್ಲಿ ನಡೆದು ಬಂದ ಮೇಲೆ ನೋಡಿದರೆ ಬೆನ್ನೂ ತೋಳುಗಳೂ ಚೆನ್ನಾಗಿಯೇ ಒದ್ದೆಯಾಗಿದ್ದವು. ಅದು ಸೋರಿದ ನೀರೋ ಬೆವರೋ ಎಂಬುದು ಗೊತ್ತಾಗಲಿಲ್ಲ. ಟೆಂಟನ್ನು ಬಿಟ್ಟು ಇದೊಂದನ್ನೇ ನಂಬಿ ಹಲವು ದಿನಗಳ ಚಾರಣಕ್ಕೆ ಹೊರಡುವ ಮೊದಲು ಏನೇನನ್ನು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಬಳಸಿ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹೊಲಿಗೆಗಣ್ಣು (ಉತ್ತರ)

ಮೊದಲು ಆ 2000 ಎಂಬ ಅಂಕಿಯನ್ನು ನೋಡೋಣ. ಬಟ್ಟೆಯ ಮೇಲೆ ಎರಡು ಮೀಟರ್ ಎತ್ತರದ ನೀರಿನ ಕಂಬವನ್ನು ನಿಲ್ಲಿಸಿದರೂ ನೀರು ಒಳಗೆ ಜಿನುಗುವುದಿಲ್ಲ ಎಂಬುದು ಅದರ ಅರ್ಥ. ಶವರಿನ ನೀರು ಬಟ್ಟೆಯ ಮೇಲೆ ನಿಲ್ಲುವುದೇ ಇಲ್ಲ, ಬಿದ್ದ ಕೂಡಲೇ ಹರಿದು ಹೋಗುತ್ತದೆ. ಆದ್ದರಿಂದ ತಮ್ಮ ಪರೀಕ್ಷೆಯಲ್ಲಿ ಬಟ್ಟೆ ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ಒತ್ತಡ ಬೀಳುವ ಜಾಗದ ಲೆಕ್ಕ ಬೇರೆ. ಎಪ್ಪತ್ತು ಕಿಲೋ ತೂಕದ ವ್ಯಕ್ತಿ ಒದ್ದೆ ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ ಮಂಡಿಯೂರಿದಾಗ, ಆ ಭಾರವೆಲ್ಲ ನೂರು ಚದರ ಸೆಂಟಿಮೀಟರಿನಷ್ಟು ಜಾಗದ ಮೇಲೆ ಬಿದ್ದಿತೆಂದುಕೊಂಡರೆ, ಅದು ಸುಮಾರು ಏಳು ಮೀಟರ್ ನೀರಿನ ಕಂಬಕ್ಕೆ ಸಮನಾಗುತ್ತದೆ. ಹಾಗಾಗಿ ಇದೇ ಬಟ್ಟೆಯನ್ನು ನೆಲಹಾಸಾಗಿ ಬಳಸುವ ಆಲೋಚನೆಯಿದ್ದರೆ ಬಿಟ್ಟುಬಿಡಿ.

ಇನ್ನು ಸೋರಿಕೆಯೋ ಬೆವರೋ ಎಂಬ ಪ್ರಶ್ನೆ. ಇಂತಹ ಬಟ್ಟೆ ನೀರನ್ನು ಒಳಗೆ ಬಿಡದಂತೆಯೇ ಮೈಯ ಹಬೆಯನ್ನು ಹೊರಗೂ ಬಿಡುವುದಿಲ್ಲ. ಮಳೆಯಿಲ್ಲದ ತಂಪು ದಿನವೊಂದರಲ್ಲಿ ಅದೇ ಚೀಲವನ್ನು ಹೊತ್ತು, ಅದೇ ಏರನ್ನು, ಪೊಂಚೊ ಹೊದ್ದು ಅದೇ ವೇಗದಲ್ಲಿ ಹತ್ತಿ ನೋಡಿ. ಆಗಲೂ ಬೆನ್ನು ಒದ್ದೆಯಾದರೆ ತಪ್ಪಿತಸ್ಥ ಬೆವರೇ. ಆ ಬಳಿಕ ಮಳೆ ಬರುವಾಗ ಹೊರಗೆ ಅರ್ಧ ಗಂಟೆ ಅಲುಗಾಡದೆ ನಿಲ್ಲಿ. ನಿಲ್ಲುವ ಮೊದಲು ಹೆಗಲಿನ ಮೇಲೆ, ಟೊಪ್ಪಿ ಕೂಡುವ ಕತ್ತಿನ ಹೊಲಿಗೆಯ ಕೆಳಗೆ ಮತ್ತು ಪಕ್ಕದ ಟಿಚ್ ಬಟನ್‌ಗಳ ಹಿಂಬದಿಯಲ್ಲಿ ಒಣ ಟಿಶ್ಯೂ ಕಾಗದದ ತುಂಡುಗಳನ್ನು ಇಟ್ಟುಕೊಳ್ಳಿ. ಸೋರಿಕೆಯಿದ್ದರೆ ಯಾವುದೋ ಒಂದು ತುಂಡು ಹೊಲಿಗೆಯ ಗೆರೆಯಂತೆಯೇ ಉದ್ದಕ್ಕೆ ನೆನೆದಿರುತ್ತದೆ. ಹಬೆಯಾಗಿದ್ದರೆ ಎಲ್ಲವೂ ಸಮನಾಗಿ ತೇವಗೊಂಡಿರುತ್ತವೆ.

ತಮ್ಮ ಪೊಂಚೊದ ಹೊಲಿಗೆಗಳ ಒಳಬದಿಯಲ್ಲಿ ನೀರು ತಡೆಯುವ ಪಟ್ಟಿ ಅಂಟಿಸಿರುವ ಸಾಧ್ಯತೆ ಕಡಿಮೆ, ಏಕೆಂದರೆ ಪಾಲಿಯೂರಿಥೇನ್ ಲೇಪನದ ಮೇಲೆ ಹಿಡಿದುಕೊಳ್ಳುವ ಆ ಪಟ್ಟಿ ಸಿಲಿಕೋನ್ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಸಿಲಿಕೋನ್ ಆಧಾರಿತ ಸೀಲಾಂಟನ್ನೇ (ಹೊಲಿಗೆಯ ತೂತು ಮುಚ್ಚುವ ಅಂಟನ್ನೇ) ತಂದು ಹೊರಬದಿಯ ಹೊಲಿಗೆಗೆ ತೆಳುವಾಗಿ ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ನಂತರವೇ ಮಡಚಿರಿ.

ಗೂಟಗಾರ (ಉತ್ತರ)

ಮೇಲಿನ ಮಿತ್ರರು ಹೇಳಿದ್ದು ಸರಿಯಾಗಿಯೇ ಇದೆ, ಆದರೆ ಇಂತಹ ಪೊಂಚೊಗಳು ಕೈಕೊಡುವುದು ಬಟ್ಟೆಯಲ್ಲಿ ಅಲ್ಲ, ವೇಷ ಬದಲಾಯಿಸುವ ಹೊತ್ತಿನಲ್ಲಿ. ಸಂಜೆ ಮಳೆಯಲ್ಲಿಯೇ ತಂಗುವ ಜಾಗ ತಲುಪಿದಿರೆಂದು ಭಾವಿಸಿ. ತಲೆಯ ಮೇಲೆ ಸೂರು ಬೇಕಾದರೆ ಮೈಮೇಲಿನ ರೇನ್‌ಕೋಟನ್ನು ಕಳಚಬೇಕು. ಅದನ್ನು ಕಳಚಿದ ಗಳಿಗೆಯಿಂದ ಸೂರು ನಿಲ್ಲುವವರೆಗೆ ತಾವೂ ತಮ್ಮ ಚೀಲವೂ ಬಯಲಿನಲ್ಲಿಯೇ. ಅರ್ಧರಾತ್ರಿ ಹೊರಗೆ ಹೋಗಬೇಕಾಗಿ ಬಂದರೂ ಇದೇ ಪಾಡು. ಆದ್ದರಿಂದ ನಿಜವಾಗಿ ಪರೀಕ್ಷಿಸಬೇಕಾದದ್ದು ಈ ಕೆಲವು ನಿಮಿಷಗಳನ್ನು.

ಪೊಂಚೊ ಹೊದ್ದಿರುವಾಗಲೇ ಎರಡು ಮರಗಳ ನಡುವೆ ನಡುಹಗ್ಗವನ್ನು ಬಿಗಿದು, ನಾಲ್ಕು ಮೂಲೆಗಳಿಗೆ ಎಲ್ಲಿ ಗೂಟ ಬರುತ್ತದೆಂದು ಗುರುತಿಸಿಕೊಂಡು, ಗೂಟಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಆಮೇಲೆ ಮಾತ್ರ ಪೊಂಚೊ ಕಳಚಬೇಕು. ಮೂಲೆಗಳ ಹಗ್ಗವನ್ನು ಮೊದಲೇ ಕಟ್ಟಿಟ್ಟಿರಬೇಕು. ಎಳೆದರೆ ಬಿಗಿಯುವ, ಸರಿಸಿದರೆ ಸಡಿಲವಾಗುವ ಗಂಟೊಂದನ್ನು ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳುಗಳಲ್ಲಿ ಹಾಕುವಷ್ಟು ರೂಢಿ ಮಾಡಿಕೊಂಡಿರಬೇಕು. ಬೆನ್ನುಚೀಲದ ಒಳಗಿನ ಸಾಮಾನು ಪ್ಲಾಸ್ಟಿಕ್ ಚೀಲದೊಳಗೆ ಇರಲಿ; ಈ ಅಂತರದಲ್ಲಿ ತೊಡಲು ಗಾಳಿ ತಡೆಯುವ ತೆಳು ಜಾಕೆಟ್ ಒಂದು ಮೇಲೆಯೇ ಸಿಗುವಂತಿರಲಿ. ಬಿಸಿಲಿನ ದಿನ ಹುಲ್ಲಿನ ಮೇಲೆ ಸೊಗಸಾಗಿ ಕಟ್ಟಿ ಫೋಟೋ ತೆಗೆಯುವುದನ್ನು ಪರೀಕ್ಷೆ ಎಂದು ನಾನು ಒಪ್ಪುವುದಿಲ್ಲ.

ಟೊಪ್ಪಿಯ ಬಗ್ಗೆ ಒಂದು ಮಾತು. ಬಟ್ಟೆಯ ನಟ್ಟನಡುವೆ ಇರುವ ದೊಡ್ಡ ತೂತು ಅದು. ದಾರ ಎಳೆದು ಬಾಯಿ ಮುಚ್ಚಿದರಷ್ಟೇ ಸಾಲದು. ಮುಚ್ಚಿದ ಟೊಪ್ಪಿಯನ್ನು ತಿರುಚಿ, ಮಡಚಿ, ಅದೇ ದಾರದಿಂದ ಸುತ್ತಿ ಕಟ್ಟಿ, ಅದರ ತುದಿಯನ್ನು ಮೇಲಿನ ಕೊಂಬೆಗೋ ನಡುಹಗ್ಗಕ್ಕೋ ಬಿಗಿಯಬೇಕು. ಹಾಗೆ ಎತ್ತಿ ಕಟ್ಟದಿದ್ದರೆ ಆ ಜಾಗ ತಗ್ಗಾಗಿ, ಅಲ್ಲಿ ನೀರು ನಿಂತು, ಮಡಿಕೆಗಳ ನಡುವಿನಿಂದ ನೇರವಾಗಿ ಎದೆಯ ಮೇಲೆ ತೊಟ್ಟಿಕ್ಕುತ್ತದೆ. ಹಾಗೆಯೇ ಮರದಿಂದ ನಡುಹಗ್ಗದ ಗುಂಟ ಇಳಿದು ಬರುವ ನೀರು ಒಳಗೆ ನುಸುಳದಿರಲು, ಸೂರಿನ ಅಂಚಿಗಿಂತ ಒಂದು ಗೇಣು ಆಚೆಗೆ ಹಗ್ಗಕ್ಕೆ ಒಂದು ಹತ್ತಿಯ ದಾರದ ತುಂಡನ್ನು ಕಟ್ಟಿ ಜೋತುಬಿಡಿ. ನೀರು ಅದನ್ನು ಹಿಡಿದು ಅಲ್ಲಿಯೇ ಕೆಳಗಿಳಿಯುತ್ತದೆ.

ಎರಚಲು (ಉತ್ತರ)

ಎಲ್ಲವೂ ಸರಿ, ಆದರೆ ಅಳತೆಯ ಬಗ್ಗೆ ಯಾರೂ ಮಾತಾಡಲಿಲ್ಲ. 145 ಸೆಂ.ಮೀ. ಅಗಲದ ಬಟ್ಟೆಯನ್ನು ನಡುವೆ ಎತ್ತಿ ಎರಡೂ ಅಂಚುಗಳನ್ನು ನೆಲಕ್ಕೆ ಮುಟ್ಟಿಸಿದಾಗ, ನಡುವಿನ ಎತ್ತರವನ್ನು 60 ಸೆಂ.ಮೀ. ಇಟ್ಟರೆ ಕೆಳಗೆ ಉಳಿಯುವ ಅಗಲ ಸುಮಾರು 80 ಸೆಂ.ಮೀ. ಮಾತ್ರ. ಇದರಲ್ಲಿ ಮಲಗಬಹುದು, ಕೂರಲಾಗದು. ಇನ್ನು ಉದ್ದದಲ್ಲಿ, 175 ಸೆಂ.ಮೀ. ಎತ್ತರದವರಿಗೆ ತಲೆಯ ಕಡೆ ಮತ್ತು ಕಾಲಿನ ಕಡೆ ಉಳಿಯುವುದು 40 ಸೆಂ.ಮೀ.ಗಿಂತ ತುಸು ಹೆಚ್ಚು. ಗಾಳಿಯಿದ್ದರೆ ಎರಚಲು ಅಷ್ಟನ್ನು ಸುಲಭವಾಗಿ ದಾಟುತ್ತದೆ. ಜರ್ಮನ್ ಸೈನ್ಯದ 1931ರ ಮಾದರಿಯ ತ್ರಿಕೋನದ ಬಟ್ಟೆಯೂ ಒಬ್ಬನಿಗೆ ಪೊಂಚೊ ಆಗುತ್ತಿತ್ತು, ಆದರೆ ಸುತ್ತಲೂ ಮುಚ್ಚಿದ ಗುಡಾರ ಬೇಕೆಂದರೆ ನಾಲ್ವರು ತಮ್ಮ ತಮ್ಮ ಬಟ್ಟೆಗಳನ್ನು ಗುಂಡಿ ಹಾಕಿ ಜೋಡಿಸಬೇಕಾಗಿತ್ತು. ಒಂದೇ ಬಟ್ಟೆಯಿಂದ ಟೆಂಟಿನ ನಾಲ್ಕು ಗೋಡೆಗಳನ್ನು ನಿರೀಕ್ಷಿಸಬಾರದು. ಮಲಗುವ ಚೀಲಕ್ಕೆ ನೀರು ಹಿಡಿಯದ, ಗಾಳಿಯಾಡುವ ಹೊರಚೀಲವೊಂದು ಜೊತೆಗಿದ್ದರೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ರಾತ್ರಿಯ ಪರೀಕ್ಷೆಯಲ್ಲಿ ಎರಡನ್ನು ಗಮನಿಸಿ. ನೈಲಾನ್ ನೀರು ಹೀರಿ ಹಿಗ್ಗುತ್ತದೆ, ಆದ್ದರಿಂದ ಸಂಜೆ ಬಿಗಿಯಾಗಿದ್ದ ಸೂರು ಮಳೆ ಶುರುವಾದ ಮೇಲೆ ಜೋಲುತ್ತದೆ. ಎದ್ದು ಮತ್ತೆ ಬಿಗಿಯದಿದ್ದರೆ ಒದ್ದೆ ಬಟ್ಟೆ ಮಲಗುವ ಚೀಲದ ಕಾಲ್ತುದಿಗೆ ತಗಲುತ್ತದೆ. ಎರಡನೆಯದಾಗಿ, ಉಸಿರಿನ ಹಬೆ ಸೂರಿನ ಒಳಮೈಯಲ್ಲಿ ಹನಿಗಟ್ಟಿ, ಹೊರಗಿನ ದಪ್ಪ ಮಳೆಹನಿಗಳ ಹೊಡೆತಕ್ಕೆ ಉದುರುತ್ತದೆ. ಮುಖದ ಮೇಲೆ ಬೀಳುವ ಆ ಸಣ್ಣ ತುಂತುರನ್ನು ಅನೇಕರು ಬಟ್ಟೆಯೇ ಸೋರುತ್ತಿದೆ ಎಂದು ತಿಳಿದು ದೂರುತ್ತಾರೆ. ಒಳಮೈಯನ್ನು ಒರೆಸಿ ಸ್ವಲ್ಪ ಹೊತ್ತು ನೋಡಿ: ತುಂತುರು ನಿಂತರೆ ಅದು ಹಬೆ.

ಹಾದಿಹೋಕ

ಎಲ್ಲರಿಗೂ ಧನ್ಯವಾದಗಳು. ಮಳೆಯಿಲ್ಲದ ದಿನ ಅದೇ ಏರನ್ನು ಹತ್ತಿ ನೋಡಿದೆ. ಬೆನ್ನು ಹಿಂದಿನಷ್ಟೇ ಒದ್ದೆಯಾಯಿತು. ಮಳೆಯಲ್ಲಿ ನಿಂತಾಗ ಕತ್ತಿನ ಹೊಲಿಗೆಯ ಕೆಳಗಿನ ಕಾಗದವೊಂದು ಗೆರೆಯಾಗಿ ನೆನೆದಿತ್ತು, ಉಳಿದವು ಒಣಗಿಯೇ ಇದ್ದವು. ಸೀಲಾಂಟ್ ಹಚ್ಚಿದ ಮೇಲೆ ರಾತ್ರಿಯ ಪರೀಕ್ಷೆಗೆ ಹೊರಡುತ್ತೇನೆ. ಮಳೆ ಜೋರಾದರೆ ಸೂರಿನ ಕೆಳಗೆಯೇ ಸಣ್ಣ ಸ್ಟೌವ್ ಹಚ್ಚಬಹುದೇ?

ಗೂಟಗಾರ

ಬೇಡ. ತೆಳು ನೈಲಾನಿಗೆ ಒಂದು ಕಿಡಿ ತಗುಲಿದರೂ ತೂತು ಬೀಳುತ್ತದೆ, ಅಷ್ಟು ತಗ್ಗಿನ ಸೂರಿಗೆ ಉರಿ ತಾಗುವುದು ಕಷ್ಟವೇನಲ್ಲ. ಅಂಚುಗಳನ್ನು ನೆಲಕ್ಕೆ ಇಳಿಸಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುವ ಅಪಾಯ ಬೇರೆ. ಬೆಂಕಿಯ ಕೆಲಸವನ್ನು ಸಂಜೆ ಸೂರು ಕಟ್ಟುವ ಮೊದಲೇ ಮುಗಿಸಿಕೊಳ್ಳಿ. ಮೊದಲ ರಾತ್ರಿಯ ಪರೀಕ್ಷೆಯನ್ನು ಮನೆಗೆ ನಡೆದು ಮರಳಬಹುದಾದಷ್ಟು ಹತ್ತಿರದಲ್ಲಿಯೇ ಮಾಡಿ, ಒಣ ಬಟ್ಟೆಯ ಒಂದು ಜೊತೆಯನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿಟ್ಟಿರಿ.