ಇ20 ಜೊತೆ 100 ಆಕ್ಟೇನ್ ಬೆರೆಸಬಹುದಾ? ಸ್ಟೇಜ್ 1 ಪೋಲೊ, ಬೆಂಗಳೂರು

ಕತ್ರಿಗುಪ್ಪೆ_ಟರ್ಬೊ:
ಎಲ್ಲರಿಗೂ ನಮಸ್ಕಾರ. ನನ್ನದು 2020ರ ಪೋಲೊ 1.0 ಟಿಎಸ್‌ಐ, ಮ್ಯಾನ್ಯುಯಲ್. 2022ರಲ್ಲಿ ಸ್ಟೇಜ್ 1 ರೀಮ್ಯಾಪ್ ಮಾಡಿಸಿದೆ, ಅಂದರೆ ಇಂಜಿನ್ ಕಂಪ್ಯೂಟರ್ ಇಸಿಯುವಿನ ಸೆಟ್ಟಿಂಗ್ (ಮ್ಯಾಪ್) ಬದಲಿಸಿ ಶಕ್ತಿ ಹೆಚ್ಚಿಸಿದ್ದು. ಈ ಬೇಸಿಗೆಯಿಂದ ಒಂದು ತೊಂದರೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅರ್ಧ ಗಂಟೆ ಬೆಂದು, ಹೊಸೂರು ರಸ್ತೆಯಲ್ಲಿ ಮೂರನೇ ಗೇರಲ್ಲಿ ಪೂರ್ತಿ ಒತ್ತಿದರೆ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು. ನಾಕಿಂಗ್ ಅನ್ನಿಸುತ್ತೆ. ಸ್ಕ್ಯಾನರ್ ಹಾಕಿ ನೋಡಿದರೆ ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ 5 ಡಿಗ್ರಿ ಹಿಂದೆ ಹೋಗುತ್ತಿದೆ. ಗೆಳೆಯ ಹೇಳುತ್ತಾನೆ, 35 ಲೀಟರ್ ಬಂಕ್ ಪೆಟ್ರೋಲಿಗೆ (ಅದು ಇ20, ನೂರಕ್ಕೆ 20 ಪಾಲು ಎಥನಾಲ್) 5 ಲೀಟರ್ ಬಿಡಿ ಎಥನಾಲ್ ಸುರಿ, ಇ30 ಆಗುತ್ತೆ ಅಂತ. ಇಲ್ಲಾಂದ್ರೆ ಅರ್ಧ ಟ್ಯಾಂಕ್ 100 ಆಕ್ಟೇನ್ ಹಾಕಲಾ?

ಹಳೇ_ಗ್ಯಾರೇಜ್:
ತಮ್ಮಾ, ಬಿಡಿ ಎಥನಾಲ್ ಮಾತ್ರ ಬೇಡ. ನಾನು ಹಾಕಿ ಕೈ ಸುಟ್ಟುಕೊಂಡವನು. ಗೆಳೆಯನ ಲೆಕ್ಕ ಸರಿ, ಬಂಕಿನದ್ದರಲ್ಲೇ 7, ಮೇಲೆ 5, ಒಟ್ಟು 40 ಲೀಟರಲ್ಲಿ 12 ಲೀಟರ್ ಎಥನಾಲ್ ಆಗುತ್ತೆ. ಆದರೆ ಆ ಕ್ಯಾನಲ್ಲಿ ನೀರೆಷ್ಟು, ಮೆಥನಾಲ್ ಎಷ್ಟು ಅಂತ ಯಾರಿಗೆ ಗೊತ್ತು? ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ತಪ್ಪು.

ಎಥನಾಲ್ ಒಳ್ಳೆಯ ಇಂಧನವೇ. ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಶಕ್ತಿ, ಜಾಸ್ತಿ. ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಹೀರಿ ಸಿಲಿಂಡರನ್ನು ತಣ್ಣಗಿಡುತ್ತೆ. ಆದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಅದೇ ಗಾಳಿಗೆ ಜಾಸ್ತಿ ಇಂಧನ ಸುರಿಯಬೇಕು. ಕಂಪನಿ ಕೊಟ್ಟ ಸ್ಟಾಕ್ ಪಂಪ್ ಕೈಯಲ್ಲಿ ಆಗದಿದ್ದಾಗ ಟರ್ಬೊ ಪೂರ್ತಿ ಗಾಳಿ ತಳ್ಳುವ ಫುಲ್ ಬೂಸ್ಟಲ್ಲೇ ಮಿಶ್ರಣ ಲೀನ್ ಆಗುತ್ತೆ, ಅಂದರೆ ಇಂಧನ ಕಮ್ಮಿ ಬೀಳುತ್ತೆ. ನನ್ನ ಗಾಡಿ ಹಾಗೇ ಹೋಯಿತು. ಪಿಸ್ಟನ್ ಬಿಚ್ಚಿದರೆ ಎರಡು ರಿಂಗ್‌ಗಳ ನಡುವಿನ ಅಂಚು ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು. ಆ ತುಂಡು ಇನ್ನೂ ನನ್ನ ಮೇಜಿನ ಮೇಲಿದೆ.

ಆಕ್ಟೇನ್ ಕಮ್ಮಿ ಆಯಿತು ಅಂತ ಅಂದುಕೊಳ್ಳಬೇಡ. ಮೊದಲು ಮಾಮೂಲಿ ಪೆಟ್ರೋಲ್ 91, ಈಗ ಇ20 ಅಂದರೆ 95. ಆದರೆ ನಿನ್ನ ಮ್ಯಾಪ್ ಬರೆದದ್ದು ಇ10 ಕಾಲದಲ್ಲಿ ಅಲ್ವಾ? ಅದರ ಮೇಲೆ ಟ್ರಾಫಿಕ್ಕಲ್ಲಿ ಕಾದ ಇಂಟರ್‌ಕೂಲರ್ (ಟರ್ಬೊ ಗಾಳಿಯನ್ನು ತಣಿಸುವ ಭಾಗ). ಅರ್ಧ ಟ್ಯಾಂಕ್ ಎಥನಾಲ್ ಇಲ್ಲದ 100 ಹಾಕಿದರೆ ಒಟ್ಟು ಇ10 ಹತ್ತಿರ ಬರುತ್ತೆ, ನಾಕಿಂಗೂ ತಗ್ಗಬಹುದು. ಆದರೆ ಪ್ರತಿ ಸಲ ಅದೇ ಅಳತೆ ಇರಬೇಕು. ಇವತ್ತು ಅರ್ಧ, ನಾಳೆ ಕಾಲು ಅಂದರೆ ಇಸಿಯು ಸುಮ್ನೆ ಹಿಂದೆ ಓಡುತ್ತಿರುತ್ತೆ.

ಮೊದಲು ಅಳೆದು ನೋಡು. 100 ಎಂಎಲ್ ಅಳತೆ ಜಾಡಿಗೆ 50 ನೀರು, 50 ಪೆಟ್ರೋಲ್. ಮುಚ್ಚಿ ಕುಲುಕಿ ಹತ್ತು ನಿಮಿಷ ಬಿಡು. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತೆ. ನೀರು, ಪೆಟ್ರೋಲ್ ನಡುವಿನ ಗೆರೆ 60ರ ಹತ್ತಿರ ನಿಂತರೆ ಇ20. ಬಯಲಲ್ಲಿ ಮಾಡು, ಬೆಂಕಿಯಿಂದ ದೂರ. ಹಾಗೇ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಿಳಿ ಪಿಂಗಾಣಿ ನೋಡು.

ಮಲ್ಲೇಶ್ವರ_ವಿಆರ್‌ಎಸ್:
ಹಳೇ ಗ್ಯಾರೇಜ್ ಅಣ್ಣ ಹೇಳಿದ್ದು ಸರಿ. ಇನ್ನೊಂದು ಮಾತು, 2,000 ಆರ್‌ಪಿಎಂ ಕೆಳಗೆ ಮೇಲಿನ ಗೇರಲ್ಲಿ ಪೂರ್ತಿ ಒತ್ತಬೇಡಿ. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗೆ ಅದು ತುಂಬಾ ಕೆಟ್ಟದ್ದು. ಒಂದು ಗೇರ್ ಇಳಿಸಿ.

ಕತ್ರಿಗುಪ್ಪೆ_ಟರ್ಬೊ:
ಭಾನುವಾರ ಟೆರೇಸ್ ಮೇಲೆ ಮಾಡಿದೆ. ಗೆರೆ 59ಕ್ಕೆ ನಿಂತಿತು. ಮೂರೂ ಪ್ಲಗ್ ಬಿಚ್ಚಿದೆ. ಎರಡನೆಯದರ ಪಿಂಗಾಣಿ ಮೇಲೆ ಸಣ್ಣ ಬೂದು ಬಣ್ಣದ ಹೊಳೆಯುವ ಚುಕ್ಕಿಗಳಿವೆ. ಒರೆಸಿದರೂ ಹೋಗುತ್ತಿಲ್ಲ.

ಹಳೇ_ಗ್ಯಾರೇಜ್:
ಅದು ಪಿಸ್ಟನ್ನಿನ ಅಲ್ಯುಮಿನಿಯಂ ಇರಬೇಕು. ಇವತ್ತಿಂದಲೇ ಒತ್ತುವುದು ನಿಲ್ಲಿಸು. ಸ್ಟಾಕ್ ಮ್ಯಾಪ್ ವಾಪಸ್ ಹಾಕಿಸು, ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸು. ಮೂರೂ ಸಿಲಿಂಡರ್ ಸರಿಸಮ ಬಂದರೆ ಆಮೇಲೆ ಇ20ಕ್ಕೆ ಅಂತಲೇ ಹೊಸ ಮ್ಯಾಪ್ ಬರೆಸೋಣ. ಸಂಖ್ಯೆಗಳನ್ನು ಇಲ್ಲೇ ಹಾಕು, ನೋಡುತ್ತೇನೆ.