ಬಾಲಕ್ಕೆ ಅಂಟಿದ ನಾಲ್ಕು

ಬೆಳಿಗ್ಗೆ 6:52ಕ್ಕೆ ಬಸವನಗುಡಿಯ ಮಾವ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದರು. ನೂರು ಕೈ ದಾಟಿ ಬಂದದ್ದು ಎಂಬುದಕ್ಕೆ ನೆತ್ತಿಯ ಮೇಲೆ ಜೋಡಿ ಬಾಣದ ಗುರುತಿತ್ತು.

“ಎಚ್ಚರಿಕೆ!! ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಎಫ್12 ಒತ್ತಿ. ಕನ್ಸೋಲ್‌ನಲ್ಲಿ 0.1 + 0.2 ಎಂದು ಬರೆದು ಎಂಟರ್ ಒತ್ತಿ. 0.3 ಬರುವುದಿಲ್ಲ, 0.30000000000000004 ಬರುತ್ತದೆ! ಹತ್ತೇ ದಿನದಲ್ಲಿ ಗೀಚಿದ ಜಾವಾಸ್ಕ್ರಿಪ್ಟ್ ಭಾಷೆಯ ಯೋಗ್ಯತೆ ಇದು. ನಿಮ್ಮ ಬ್ಯಾಂಕಿನ ಜಾಲತಾಣ ನಡೆಯುವುದು ಇದರಲ್ಲೇ. ಪ್ರತಿದಿನ ನಿಮ್ಮ ಖಾತೆಯಿಂದ ಹಣ ಸೋರುತ್ತಿದೆ. ಠೇವಣಿ ಇಟ್ಟವರು ಇಂದೇ ಹಿಂದಕ್ಕೆ ಪಡೆಯಿರಿ. ಹತ್ತು ಜನರಿಗೆ ಕಳುಹಿಸಿ.”

ಹನ್ನೊಂದು ವರ್ಷಗಳಿಂದ ಜಾವಾಸ್ಕ್ರಿಪ್ಟ್ ನನಗೆ ಅನ್ನ ಹಾಕುತ್ತಿದೆ. ಗುಂಪಿನ ಇಪ್ಪತ್ತಾರು ಜನರಲ್ಲಿ ಈ ಕೆಲಸ ಮಾಡುವವಳು ನಾನೊಬ್ಬಳೇ. ಆದರೂ “ಇದು ನಿಜವೇನಮ್ಮಾ?” ಎಂದು ಒಬ್ಬರೂ ಕೇಳಲಿಲ್ಲ. ಅದು ನನಗೆ ನೋವಾಯಿತು, ಇಂದಿಗೂ ಇದೆ.

ಮೊದಲು ಮಾತಾಡಿದವರು ಮಲ್ಲೇಶ್ವರದ ದೊಡ್ಡಪ್ಪ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. “ನಾವು ಲೆಡ್ಜರ್ ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಒಂಬತ್ತಾದರೂ ಶಾಖೆಯ ಬಾಗಿಲು ಹಾಕುತ್ತಿರಲಿಲ್ಲ. ಜೇಬಿನಿಂದ ಹತ್ತು ಪೈಸೆ ಹಾಕಿ ಮುಗಿಸೋಣ ಎಂದ ಹುಡುಗನಿಗೆ ನಮ್ಮ ಮ್ಯಾನೇಜರರು ಚೆನ್ನಾಗಿ ಬೈದಿದ್ದರು. ಈಗಿನವರಿಗೆ ಯಂತ್ರ ಹೇಳಿದ್ದೇ ವೇದ. ಬುದ್ಧಿಯನ್ನು ಯಂತ್ರಕ್ಕೆ ಒತ್ತೆ ಇಟ್ಟರೆ ಇದೇ ಗತಿ.” ಕೆಳಗೆ ಕೈಮುಗಿದ ಚಿತ್ರಗಳ ಸಾಲು ಬೆಳೆಯಿತು.

ಅಕ್ಕನ ಗಂಡ, ವಕೀಲರಾದ ಭಾವ, ತಮ್ಮ ಎಂದಿನ ಪಟ್ಟು ಹಿಡಿದರು: “ಆಧಾರ ಎಲ್ಲಿದೆ? ಯಾವ ಬ್ಯಾಂಕ್, ಎಷ್ಟು ಹಣ, ಯಾವ ದಿನ? ಆಧಾರವಿಲ್ಲದ್ದನ್ನು ಇಲ್ಲಿ ಹಾಕಬೇಡಿ ಎಂದು ಎಷ್ಟು ಸಲ ಹೇಳಬೇಕು?” ಪ್ರಶ್ನೆ ಸರಿಯಾಗಿತ್ತು, ಕೇಳಿದ ದನಿ ಸರಿಯಿರಲಿಲ್ಲ. ಮಾವ ಎರಡೇ ನಿಮಿಷದಲ್ಲಿ ತಿರುಗಿಸಿ ಕೊಟ್ಟರು: “2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆ ಎಂದು ಇದೇ ಗುಂಪಿಗೆ ಹಾಕಿದವರು ಯಾರಪ್ಪಾ? ಆಗ ಆಧಾರ ಎಲ್ಲಿತ್ತು?” ಅದನ್ನು ಹಾಕಿದವರು ಭಾವ ಅಲ್ಲ, ಭಾವನ ತಮ್ಮ, ಅವರು ಈಗ ಗುಂಪಿನಲ್ಲೂ ಇಲ್ಲ. ಹಾಕಿದ್ದು ಯಾರು, ಅಳಿಸಿದ್ದು ಯಾರು, ನಕ್ಕಿದ್ದು ಯಾರು ಎಂಬುದರಲ್ಲಿಯೇ ಮೂವತ್ತು ಸಂದೇಶ ಹೋದವು. 0.1 ಎಲ್ಲೋ ಮೇಲೆ ಉಳಿಯಿತು.

ಅಷ್ಟರಲ್ಲಿ ಪುಣೆಯಲ್ಲಿರುವ ದೊಡ್ಡಪ್ಪನ ಮಗ, ನಮಗೆಲ್ಲ ಅಣ್ಣ, ಎದ್ದರು. “ಹತ್ತು ಪೈಸೆ ಎಂದ ಕೂಡಲೇ ಅಂಚು ಅಲೆಅಲೆಯಾಗಿದ್ದ ಆ ಅಲ್ಯೂಮಿನಿಯಂ ನಾಣ್ಯ ಕಣ್ಣ ಮುಂದೆ ಬಂತು. ಬಿಟಿಎಸ್ ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು, ನೆನಪಿದೆಯಾ? ಇಳಿಯುವ ಗಡಿಬಿಡಿಯಲ್ಲಿ ಕೇಳಲು ಮರೆತು, ಮನೆಗೆ ಬಂದು ಟಿಕೆಟ್ ನೋಡಿಕೊಂಡು ಅಳುತ್ತಿದ್ದೆ.” ಯಾರೋ ಕೆಂಪು ಬಸ್ಸಿನ ಚಿತ್ರ ಹಾಕಿದರು. ಇನ್ಯಾರೋ ಮಲ್ಲೇಶ್ವರದಿಂದ ಮೆಜೆಸ್ಟಿಕ್‌ಗೆ ಆಗ ಎಷ್ಟಿತ್ತೆಂದು ಕೇಳಿದರು. ಐದು ಜನ ಐದು ದರ ಹೇಳಿದರು. ಅಲ್ಲಿ ಯಾರೂ ಆಧಾರ ಕೇಳಲಿಲ್ಲ.

ನಾನು ಓದಿದ್ದು ವಿಜಯನಗರದಲ್ಲಿ ಮೆಟ್ರೊ ಹತ್ತಿದ ಮೇಲೆ. ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ ತನಕ ಒಂದು ಗಂಟೆಗೂ ಹೆಚ್ಚು ಕಾಲ ಕೈಯಲ್ಲಿರುತ್ತದೆ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿ ಬ್ಯಾಗನ್ನು ಎದೆಗವಚಿಕೊಂಡು ನಿಲ್ಲುವಂತಾದರೂ ಒಂದು ಕೈಯಲ್ಲಿ ಟೈಪ್ ಮಾಡಿದೆ. ಬರೆದದ್ದು ಹೀಗಿದೆ.

“ಮಾವ, ನೀವು ಹಾಕಿದ ಸಂಖ್ಯೆ ನಿಜ. ಹತ್ತು ದಿನದ ಮಾತೂ ನಿಜ: 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಹತ್ತು ದಿನದಲ್ಲಿ ಮಾಡಿದರು. ಆದರೆ ಆ ಬಾಲಕ್ಕೆ ಅಂಟಿದ ನಾಲ್ಕಕ್ಕೂ ಆ ಹತ್ತು ದಿನಕ್ಕೂ ಸಂಬಂಧವಿಲ್ಲ. ದಶಮಾಂಶವಿರುವ ಸಂಖ್ಯೆಯನ್ನು 64 ಬಿಟ್‌ಗಳಲ್ಲಿ, ಅಂದರೆ 64 ಸೊನ್ನೆ-ಒಂದುಗಳ ಸಾಲಿನಲ್ಲಿ, ಹೇಗೆ ಹಿಡಿದಿಡಬೇಕು ಎಂಬ ನಿಯಮ 1985ರದು, ಐಇಇಇ 754 ಎಂದು ಅದರ ಹೆಸರು. ಪೈಥಾನ್ ಎಂಬ ಬೇರೆ ಭಾಷೆಯಲ್ಲಿ ಕೂಡಿದರೂ ಅದೇ ನಾಲ್ಕು ಬರುತ್ತದೆ, ಜಾವಾ ಎಂಬ ಮತ್ತೊಂದು ಭಾಷೆಯಲ್ಲೂ ಬರುತ್ತದೆ. ಒಂದನ್ನು ಮೂರರಿಂದ ಭಾಗಿಸಿದರೆ ನಮಗೆ 0.3333 ಎಂದು ಮುಗಿಯದ ಸಾಲು ಸಿಗುತ್ತದಲ್ಲ, ಎಲ್ಲೋ ಒಂದು ಕಡೆ ನಿಲ್ಲಿಸುತ್ತೇವಲ್ಲ, ಎರಡರ ಲೆಕ್ಕದಲ್ಲಿ ಬದುಕುವ ಕಂಪ್ಯೂಟರಿಗೆ ಹತ್ತರ ಒಂದು ಪಾಲು ಹಾಗೆಯೇ ಮುಗಿಯದ ಸಾಲು. ಇನ್ನು ಬ್ಯಾಂಕಿನ ಲೆಕ್ಕ ಬ್ರೌಸರಿನಲ್ಲಿ ನಡೆಯುವುದಿಲ್ಲ. ನಿಮಗೆ ಅಲ್ಲಿ ಕಾಣುವುದು ಪಾಸ್‌ಬುಕ್ಕಿನ ಪುಟ. ಲೆಡ್ಜರ್ ಇರುವುದು ಬ್ಯಾಂಕಿನ ಕಂಪ್ಯೂಟರಿನಲ್ಲಿ, ಅಲ್ಲಿ ಹಣಕ್ಕೆಂದೇ ಬೇರೆ ಬಗೆಯ ಸಂಖ್ಯೆಗಳಿವೆ: ಪೈಸೆಯಲ್ಲಿ ಎಣಿಸಿದ ಪೂರ್ಣಾಂಕ, ಇಲ್ಲವೇ ಹತ್ತರ ಲೆಕ್ಕದಲ್ಲೇ ಇಡುವ ದಶಮಾಂಶ. ಠೇವಣಿ ಮುರಿಸಬೇಡಿ, ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಕಡಿಮೆಯಾಗುತ್ತದೆ. ಸೋರುವ ಹಣ ಅದೊಂದೇ.”

ಬೈಯಪ್ಪನಹಳ್ಳಿ ದಾಟುವಾಗ ಕಳುಹಿಸಿದೆ. ನೀಲಿ ಗುರುತುಗಳು ಒಂದರ ಹಿಂದೊಂದು ಬಂದವು. ಮಾವ ಬರೆದರು: “ಇಷ್ಟುದ್ದ ಸಮರ್ಥಿಸಿಕೊಳ್ಳುತ್ತಿದ್ದೀಯ ಎಂದರೆ ಒಳಗೆ ಏನೋ ಇದೆ ಎಂದೇ ಅರ್ಥ.” ದೊಡ್ಡಪ್ಪ ಬರೆದರು: “ನಮ್ಮ ಹುಡುಗಿ ಚೆನ್ನಾಗಿ ಬರೆಯುತ್ತಾಳೆ. ಆದರೆ ತಪ್ಪನ್ನು ತಪ್ಪು ಎಂದು ಒಪ್ಪಿಕೊಳ್ಳುವುದು ದೊಡ್ಡ ಗುಣ.” ಭಾವ ಆ ನಿಯಮದ ಪ್ರತಿಯನ್ನು ಕೇಳಿದರು. ಅಪ್ಪ ಹೆಬ್ಬೆರಳಿನ ಚಿತ್ರ ಹಾಕಿದರು. ನನ್ನ ಸಂದೇಶಕ್ಕೋ ದೊಡ್ಡಪ್ಪನ ಸಂದೇಶಕ್ಕೋ ತಿಳಿಯಲಿಲ್ಲ.

ತಪ್ಪು ಒಪ್ಪಿಕೊಳ್ಳುವ ಮಾತು ನನ್ನನ್ನು ಚುಚ್ಚಿತು, ಏಕೆಂದರೆ ಅಂಥದ್ದು ನನ್ನಲ್ಲಿ ಒಂದಿತ್ತು. ಗುಂಪಿನಲ್ಲಿ ಅಲ್ಲ, ದೊಡ್ಡಪ್ಪನಿಗೆ ಬೇರೆಯಾಗಿ ಬರೆದೆ.

ನನ್ನ ಮೊದಲ ಕೆಲಸದಲ್ಲಿ ಒಂದು ಸಣ್ಣ ಕಂಪನಿಗಾಗಿ ತರಕಾರಿ ಮಾರುವ ಜಾಲತಾಣ ಮಾಡುತ್ತಿದ್ದೆವು. ಹಣ ಪಾವತಿಯ ವ್ಯವಸ್ಥೆಗೆ ಮೊತ್ತವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಕೊಡಬೇಕಿತ್ತು. ನಾನು ಬೆಲೆಯನ್ನು ನೂರರಿಂದ ಗುಣಿಸಿ, ದಶಮಾಂಶ ಉಳಿದರೆ ಕತ್ತರಿಸುವಂತೆ ಬರೆದಿದ್ದೆ. 49.50ಕ್ಕೆ 4950 ಸರಿಯಾಗಿಯೇ ಬರುತ್ತಿತ್ತು. ಕೊತ್ತಂಬರಿ ಕಟ್ಟಿನ ಬೆಲೆ 19.99. ಅದನ್ನು ನೂರರಿಂದ ಗುಣಿಸಿದರೆ ಜಾವಾಸ್ಕ್ರಿಪ್ಟ್ ಕೊಡುವುದು 1998.9999999999998. ನನ್ನ ಕತ್ತರಿ ಬಿದ್ದ ಮೇಲೆ ಉಳಿಯುವುದು 1998. ಒಂದು ಪೈಸೆ ಹೋಯಿತು.

ನಾನು ಪರೀಕ್ಷಿಸಿದ್ದೆಲ್ಲ ಐವತ್ತು, ನೂರು, ಇನ್ನೂರೈವತ್ತು ರೂಪಾಯಿಯ ಸಾಮಾನುಗಳನ್ನು, ಹಾಗಾಗಿ ನನ್ನ ಕಣ್ಣಿಗೆ ಬೀಳಲಿಲ್ಲ. ಹಿಡಿದವರು ಲೆಕ್ಕಪತ್ರ ವಿಭಾಗದ ಒಬ್ಬ ಹಿರಿಯ ಮಹಿಳೆ. ಒಂದು ಸಂಜೆ ಮುದ್ರಿಸಿದ ಹಾಳೆಗಳನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. ಕೊತ್ತಂಬರಿ ಇದ್ದ ಪ್ರತಿ ಸಾಲಿನ ಪಕ್ಕದಲ್ಲೂ ಕೆಂಪು ಪೆನ್ನಿನ ಸಣ್ಣ ಗೆರೆ. ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ಪಕ್ಕದಲ್ಲಿದ್ದ ನಮ್ಮ ತಂಡದವರು ಒಂದು ಪೈಸೆಗೆ ಇಷ್ಟೇಕೆ ಎಂದರು. “ತಾಳೆಯಾಗದ ಲೆಕ್ಕಕ್ಕೆ ನಾನು ಸಹಿ ಹಾಕುವುದಿಲ್ಲ” ಎಂದಷ್ಟೇ ಹೇಳಿ ಅವರು ಅಲ್ಲೇ ನಿಂತರು. ನಾನು ಕೋಡ್ ತೆರೆದು ‘ಫ್ಲೋರ್’ ಎಂದಿದ್ದುದನ್ನು ‘ರೌಂಡ್’ ಎಂದು ಬದಲಿಸಿದೆ. ಒಂದೇ ಪದ: ಕತ್ತರಿಸಬೇಡ, ಹತ್ತಿರದ ಪೂರ್ಣಾಂಕಕ್ಕೆ ತಾ. ಅಂದಿನಿಂದ ನನ್ನ ಕೋಡ್‌ನಲ್ಲಿ ಹಣ ಒಳಗೆ ಬರುವ ಬಾಗಿಲಲ್ಲೇ ಪೈಸೆಯಾಗುತ್ತದೆ, ಹೊರಗೆ ಹೋಗುವ ಬಾಗಿಲಲ್ಲಿ ಮಾತ್ರ ರೂಪಾಯಿಯಾಗಿ ಕಾಣಿಸಿಕೊಳ್ಳುತ್ತದೆ.

ಜೊತೆಗೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕಥೆಯನ್ನೂ ಬರೆದೆ, ಬ್ಯಾಂಕಿನವರಿಗೆ ಅದರ ನೋವು ತಿಳಿಯುತ್ತದೆ ಎಂದು. ಅಲ್ಲಿನ ಸೂಚ್ಯಂಕ 1982ರ ಜನವರಿಯಲ್ಲಿ 1000ದಿಂದ ಶುರುವಾಯಿತು. ಪ್ರತಿ ವಹಿವಾಟಿಗೂ ಹೊಸದಾಗಿ ಲೆಕ್ಕ ಹಾಕಿ, ಮೂರು ದಶಮಾಂಶದ ಆಚೆಗಿನದನ್ನು ದುಂಡಾಗಿಸದೆ ಕತ್ತರಿಸುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಅದು 520ರ ಆಸುಪಾಸಿಗೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ 1098ಕ್ಕಿಂತ ಮೇಲಿತ್ತು. ಅವರದೂ ನನ್ನದೇ ಕತ್ತರಿ.

ದೊಡ್ಡಪ್ಪ ಓದಿದರು, ಉತ್ತರಿಸಲಿಲ್ಲ.

ಇತ್ತ ಗುಂಪಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಅತ್ತೆ, ದೊಡ್ಡಪ್ಪನ ತಂಗಿ, ಬಾಯಿಬಿಟ್ಟರು. ಅವರು ಸಾಮಾನ್ಯವಾಗಿ ಹಬ್ಬದ ಶುಭಾಶಯದ ಆಚೆ ಏನೂ ಬರೆಯುವವರಲ್ಲ. “ಲೆಕ್ಕದ ಮಾತು ಬಂದಿದ್ದಕ್ಕೆ ಕೇಳುತ್ತಿದ್ದೇನೆ ಅಣ್ಣ. ಅಪ್ಪನ ಸಹಸ್ರಚಂದ್ರ ದರ್ಶನ ಶಾಂತಿಗೆ ಒಂದು ಲಕ್ಷ ಖರ್ಚಾಯಿತು. ನೀನು ಮೂರು ಪಾಲು ಮಾಡಿದೆ. ನಿನಗೆ 33,333, ತಮ್ಮನಿಗೆ 33,333, ನನಗೆ 33,334. ಒಂದು ರೂಪಾಯಿ ದೊಡ್ಡದಲ್ಲ ಎಂದು ಸುಮ್ಮನಿದ್ದೆ. ಖರ್ಚಿಗೆ ಮೂರು ಪಾಲಾಯಿತು, ಮನೆ ಮಾರಿದಾಗ ಎರಡೇ ಪಾಲಾಯಿತು. ಅದು ಯಾವ ಲೆಡ್ಜರಿನಲ್ಲಿ ತಾಳೆಯಾಯಿತು?”

ಅದರ ಕೆಳಗೆ ಯಾರೂ ಏನೂ ಬರೆಯಲಿಲ್ಲ. ವಕೀಲರಾದ ಭಾವ ಕೂಡ. ಹದಿನೆಂಟು ನಿಮಿಷದ ಮೇಲೆ ಯಾರೋ ಗಣಪತಿಯ ಚಿತ್ರ ಹಾಕಿದರು. ಅತ್ತೆ ಕೇಳಿದ್ದು ನ್ಯಾಯ. ಅಪ್ಪನೂ ಆ ಎರಡು ಪಾಲಿನಲ್ಲಿ ಒಂದನ್ನು ತೆಗೆದುಕೊಂಡವರು, ಆದ್ದರಿಂದ ಆ ಹಣದಲ್ಲಿ ಓದಿದ ನಾನೂ ಆ ಪ್ರಶ್ನೆಯ ಒಳಗಿದ್ದೇನೆ. ಅತ್ತೆಗೆ ಫೋನ್ ಮಾಡಿ ಹಾಗೆಂದೇ ಹೇಳಿದೆ. ಅವರು ಅಳಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಬೇರೆಯದೇ ಮಾತು ತೆಗೆದರು: “ನೀನು ಬೆಳಿಗ್ಗೆ ಬರೆದೆಯಲ್ಲ, ಎರಡರ ಲೆಕ್ಕ ಎಂದು. ಅಮ್ಮ ಹೇಳಿಕೊಡುತ್ತಿದ್ದುದು ಅದೇ ಅಲ್ಲವೇನೇ? ಅರ್ಧ, ಕಾಲು, ಅರೆಕಾಲು, ವೀಸ. ಎಲ್ಲ ಎರಡು ಎರಡಾಗಿ ಒಡೆದದ್ದು.”

ಇಡೀ ಗುಂಪಿನಲ್ಲಿ ನನ್ನ ಸಂದೇಶವನ್ನು ಪೂರ್ತಿ ಓದಿದವರು ಅತ್ತೆ ಒಬ್ಬರೇ.

ಫೋನ್ ಇಟ್ಟ ಮೇಲೂ ನಾನು ಆ ಮಾತನ್ನೇ ತಿರುಗಿಸುತ್ತಿದ್ದೆ. ವೀಸ ಎಂದರೆ ಹದಿನಾರರಲ್ಲಿ ಒಂದು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಹಳೆಯ ಪೈಸೆ. ಈ ಪಾಲುಗಳನ್ನು ಕಂಪ್ಯೂಟರ್ ಒಂದು ಕೂದಲೆಳೆ ತಪ್ಪದೆ ಹಿಡಿದಿಡುತ್ತದೆ. ಆಣೆಯನ್ನು ಹನ್ನೆರಡಾಗಿ ಒಡೆದ ಪೈ ಮಾತ್ರ ಹಾಗೆ ಸಿಗುವುದಿಲ್ಲ, ಅಲ್ಲಿ ಮೂರು ನುಸುಳುತ್ತದೆ. 1957ರ ಏಪ್ರಿಲ್ 1ರಂದು ನಮ್ಮ ರೂಪಾಯಿ ನೂರು ಪೈಸೆಯಾಗಿ ಹತ್ತರ ಲೆಕ್ಕಕ್ಕೆ ಬಂತು. ಅಂದು ದೊಡ್ಡಪ್ಪನಿಗೆ ಒಂಬತ್ತು ವರ್ಷ. ನಮ್ಮ ಅಜ್ಜಿಯ ಮಗ್ಗಿಯಲ್ಲಿದ್ದ ಹಣಕ್ಕೆ ಈ ಬಾಲದ ಕಾಟ ಬರುತ್ತಲೇ ಇರಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನನಗೆ ಇದು ಹೊಳೆದಿರಲಿಲ್ಲ.

ಇದನ್ನೂ ದೊಡ್ಡಪ್ಪನಿಗೆ ಬರೆದೆ, ಅತ್ತೆ ಹೇಳಿದ್ದು ಎಂದು ಸೇರಿಸಿ.

ರಾತ್ರಿ ಹತ್ತರ ಸುಮಾರಿಗೆ ಗುಂಪಿನಲ್ಲಿ ದೊಡ್ಡಪ್ಪನ ಧ್ವನಿ ಸಂದೇಶ ಬಂತು. ಮೊದಲು ಕೆಮ್ಮು. “ತಂಗಿ, ಭಾನುವಾರ ನಾನೇ ಬಸವನಗುಡಿಗೆ ಬರುತ್ತೇನೆ. ಫೋನಿನಲ್ಲಿ ಬೇಡ.” ಆಮೇಲೆ ಸ್ವಲ್ಪ ಮೌನ, ಹಿಂದೆ ದೊಡ್ಡಮ್ಮ ಪಾತ್ರೆ ಇಡುವ ಸದ್ದು. ಅದಾದ ಮೇಲೆ, ಯಾರೂ ಕೇಳದೆ, ಶಾಲೆಯ ಹುಡುಗನ ಹಾಗೆ ಎಳೆದು ಎಳೆದು ಮಗ್ಗಿ ಶುರುಮಾಡಿದರು.

ನನ್ನ ಲ್ಯಾಪ್‌ಟಾಪ್ ಇನ್ನೂ ತೆರೆದೇ ಇತ್ತು. ಎಫ್12 ಒತ್ತಿ, ಅವರ ದನಿಯ ಹಿಂದೆಯೇ ಟೈಪ್ ಮಾಡುತ್ತಾ ಹೋದೆ.

“ಒಂದು ಕಾಲು ಕಾಲು.” 0.25.

“ಎರಡು ಕಾಲು ಅರೆ.” 0.5.

“ಮೂರು ಕಾಲು ಮುಕ್ಕಾಲು.” 0.75.

“ನಾಲ್ಕು ಕಾಲು ಒಂದು.” 1.